ಶಾಲು ಮೊದಲು, ಚಿಟ್ಟೆ ಆಮೇಲೆ

ಹೊಸ ಚಿಟ್ಟೆ ಬೇಕೆಂದು ತಮಿಳುನಾಡಿನ ಮೇಘಮಲೈಯಂಥ ಮೋಡಗಾಡು ಅಲೆದು ಜಿಗಣೆ ಕಚ್ಚಿಸಿಕೊಳ್ಳುವುದು ಹಳೇ ಪದ್ಧತಿ. ಅಲ್ಲಿಂದ 2023ರಲ್ಲಿ ಸಿಗಾರಿಟಿಸ್ ಮೇಘಮಲೈಯೆನ್ಸಿಸ್ ಎಂಬ ಹೊಸ ಪ್ರಭೇದ ಪ್ರಕಟವಾಯಿತು, ನಿಜ. ಚಿಕ್ಕಬಳ್ಳಾಪುರದವರಿಗೆ ಆ ತಾಪತ್ರಯ ಯಾಕೆ? 1,478 ಮೀಟರ್ ಎತ್ತರದ ನಂದಿ ಪಕ್ಕದಲ್ಲೇ ಇದೆ. ಭಾನುವಾರ ಮುಂಜಾನೆ ಮಂಜೂ ಇರುತ್ತದೆ.

ಗಾಡಿಗಳ ಸಾಲು ದಾಟಿ ಮೇಲೆ ಹೋಗಿ. ಮಂಜಿನಲ್ಲಿ ಚಿಟ್ಟೆ ಹಾರುವುದಿಲ್ಲ. ಬಿಸಿಲಿಗೆ ಮೈ ಕಾಯುವವರೆಗೆ ರೆಕ್ಕೆ ಮಡಚಿ ಕೂತಿರುತ್ತದೆ. ಹಾಗಾಗಿ ಮೊಬೈಲಿಗೆ ಸಿಗುವುದು ರೆಕ್ಕೆಯ ಅಡಿಭಾಗ ಮಾತ್ರ. ಮೇಲ್ಭಾಗ ಯಾರೂ ನೋಡಿಲ್ಲ, ಸಂಶೋಧನೆಗೆ ಇದಕ್ಕಿಂತ ಅನುಕೂಲ ಬೇಕೆ? ಜನವರಿಯಲ್ಲಾದರೆ ತರಗೆಲೆಯಂಥದ್ದೊಂದು ಕಣ್ಣಿಗೆ ಬೀಳಬಹುದು. ಗೂಗಲ್ಲಿನ ಮೊದಲ ಪುಟದಲ್ಲಿ ಅದು ಕಾಣದಿದ್ದರೆ ಜಗತ್ತಿಗೇ ಹೊಸದು. ಸಂಜೆಯೊಳಗೆ ಸನ್ಮಾನದ ಫ್ಲೆಕ್ಸ್ ಮಾಡಿಸಲು ಅಂಗಡಿಗೆ ಹೋಗಿ: ಶಾಸಕರು ಮೂರಡಿ, ಸಂಶೋಧಕರು ಒಂದಡಿ, ಚಿಟ್ಟೆ ಉಳಿದ ಮೂಲೆಗೆ.

ತಕರಾರಿನ ಜನ ಎಲ್ಲೆಲ್ಲೂ ಇರುತ್ತಾರೆ. 'ಹೊಲೊಟೈಪ್ ಎಲ್ಲಿ?' ಅನ್ನುತ್ತಾರೆ; ಅಂದರೆ ಹೊಸ ಹೆಸರಿಗೆ ಆಧಾರವಾದ ಆ ಒಂದು ಮಾದರಿ. ಅವರ ಪ್ರಕಾರ ಮೊದಲು ಅರಣ್ಯ ಇಲಾಖೆಯ ಅನುಮತಿ. ಆಮೇಲೆ ಬಲೆ, ತ್ರಿಕೋನ ಕಾಗದದ ಲಕೋಟೆ. ಅದರ ಮೇಲೆ ದಿನಾಂಕ, ಜಾಗ, ಎತ್ತರ, ಹಿಡಿದವರ ಹೆಸರು. ಎದೆಗೆ ಸೂಜಿ ಚುಚ್ಚಿ, ಮುಂದಿನ ರೆಕ್ಕೆಯ ಕೆಳ ಅಂಚು ಮೈಗೆ ಲಂಬವಾಗುವಂತೆ ಹರಡಿ ಒಣಗಿಸಬೇಕು. ಪೆಟ್ಟಿಗೆ ಸರಿಯಾಗಿ ಮುಚ್ಚದಿದ್ದರೆ ಇರುವೆ ಮೈ ತಿಂದು ರೆಕ್ಕೆ ಮಾತ್ರ ಬಿಡುತ್ತದೆ. ಖಚಿತ ಗುರುತು ಎಷ್ಟೋ ಸಲ ಇರುವುದು ಮೈಯಲ್ಲೇ. ಹೊಟ್ಟೆಯ ತುದಿ ಕತ್ತರಿಸಿ, 10% ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಲ್ಲಿ ರಾತ್ರಿಯಿಡೀ ನೆನೆಸಿ, ಮೆತ್ತಗಾದ ಮಾಂಸ ತೆಗೆದು, ಜನನಾಂಗದ ಗಟ್ಟಿ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ಕಾಲು ಡಿಎನ್‌ಎಗೆ. ಆಮೇಲೆ ಹಳೇ ಮಾದರಿಗಳ ಜೊತೆ ಹೋಲಿಕೆ. ಅವುಗಳಲ್ಲಿ ಎಷ್ಟೋ ಲಂಡನ್ನಿನ ಮ್ಯೂಸಿಯಂನಲ್ಲಿವೆ. ಹೊಸ ಪ್ರಭೇದವೇ ಆದರೆ, 2002ರ ಜೀವವೈವಿಧ್ಯ ಕಾಯ್ದೆಯಂತೆ ಗೊತ್ತುಪಡಿಸಿದ ಭಂಡಾರಕ್ಕೆ ಮಾದರಿ ಒಪ್ಪಿಸಬೇಕು. ಅಷ್ಟರಲ್ಲಿ ಶಾಸಕರ ಅವಧಿ ಮುಗಿದಿರುತ್ತದೆ.

ಹೆಸರಿಡುವುದು ಮಾತ್ರ ತಡವಾಗಬಾರದು. ಲ್ಯಾಟಿನ್ ಹೆಸರಿನ ಬಾಲಕ್ಕೆ ಊರಿಗಾದರೆ -ಎನ್ಸಿಸ್, ಗಂಡಸಿಗೆ -ಇ, ಹೆಂಗಸಿಗೆ -ಏ. ಹಾಲಿ, ಮಾಜಿ ಶಾಸಕರಿಬ್ಬರನ್ನೂ ಸನ್ಮಾನಕ್ಕೆ ಕರೆದಿದ್ದರೆ ಬಹುವಚನದ -ಓರಂ. ಲ್ಯಾಟಿನ್‌ನಲ್ಲಾದರೂ ಇಬ್ಬರೂ ಒಂದೇ ವೇದಿಕೆಯಲ್ಲಿ ಕೂರಲಿ.

ಒಂದು ಎಚ್ಚರಿಕೆ: ಸನ್ಮಾನಕ್ಕೆ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರನ್ನು ಕರೆಯಬೇಡಿ. ಹುಳು ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಹಣ್ಣಾಗುವುದನ್ನು ಮನೆಯಲ್ಲೇ ಕಂಡವರು. ಮುಂದಿನ ಸಾಲಿನಿಂದಲೇ, 'ಇದರ ಹುಳ ಯಾವ ಸೊಪ್ಪು ತಿನ್ನುತ್ತೆ ಸ್ವಾಮಿ?' ಅಂದುಬಿಡುತ್ತಾರೆ.

ಉತ್ತರ ಹುಲ್ಲು, ಭತ್ತ. ಜನವರಿಯ ಆ ತರಗೆಲೆ ಚಿಟ್ಟೆ ಮೆಲನೈಟಿಸ್ ಲೀಡ; ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಹೆಸರಿಟ್ಟು ಮುಗಿಸಿದ್ದಾನೆ. ಒಣಗಾಲದ ಪೀಳಿಗೆಗೆ ರೆಕ್ಕೆಯಡಿ ಕಣ್ಣಿನಂಥ ಚುಕ್ಕೆಗಳು ಮಾಸಿ ತರಗೆಲೆಯ ವೇಷ, ಮಳೆಗಾಲದ ಪೀಳಿಗೆಗೆ ಅವೇ ಚುಕ್ಕೆಗಳು ಎದ್ದು ಕಾಣುತ್ತವೆ. ಇದನ್ನು ಸಭೆಯಲ್ಲಿ ಹೇಳಬೇಕಾಗಿಲ್ಲ. ಜುಲೈಯಲ್ಲಿ ಅದೇ ಚಿಟ್ಟೆ ಕಣ್ಣು ಬಿಟ್ಟುಕೊಂಡು ಬಂದಾಗ ಎರಡನೇ ಪ್ರಭೇದವೂ ಸಿಕ್ಕಿತು. ಫ್ಲೆಕ್ಸಿನ ಚೌಕಟ್ಟು ಜೋಪಾನವಾಗಿಡಿ.