ಲಗ್ನಪತ್ರಿಕೆಯಂಥ ವೆಬ್‌ಸೈಟು, ಪಹಣಿಯಂಥ ವೆಬ್‌ಸೈಟು

ಅಪ್ಪನ ಎಚ್‌ಎಂಟಿ ಜನತಾ ವಾಚು ನಿಂತು ಮೂರು ವರ್ಷವಾಗಿತ್ತು. ಕೀ ಕೊಟ್ಟರೆ ಹತ್ತು ನಿಮಿಷ ಓಡಿ ಮತ್ತೆ ಮಲಗುತ್ತಿತ್ತು. ನಾನಿರುವ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಇದನ್ನು ಯಾರ ಕೈಗೆ ಕೊಡೋದು ಅಂತ ಹುಡುಕುವಾಗ ಒಬ್ಬ ಗಡಿಯಾರ ರಿಪೇರಿಯವನ ವೆಬ್‌ಸೈಟು ಸಿಕ್ಕಿತು. ಬೂದು ಬಣ್ಣ, ಒಂದೇ ಪುಟ, ಒಂದೇ ಫೋಟೋ. ಅದೂ ಅಂಗಡಿಯ ಬಾಗಿಲಿನದು, ಮೋಡ ಕವಿದ ದಿನ ತೆಗೆದದ್ದು. ಇವನ ಹತ್ತಿರ ಯಾರು ಹೋಗುತ್ತಾರಪ್ಪಾ ಅಂದುಕೊಂಡೇ ಓದಿದೆ.

ಮಂಗಳವಾರದಿಂದ ಶುಕ್ರವಾರ, ಹತ್ತರಿಂದ ಒಂದು, ಮತ್ತೆ ಮೂರರಿಂದ ಆರು. ಕೀ ಕೊಡುವ ಗಡಿಯಾರ ಮಾಡುತ್ತೇನೆ, ಬ್ಯಾಟರಿಯದು ಮುಟ್ಟುವುದಿಲ್ಲ. ಗೋಡೆ ಗಡಿಯಾರ ಹೊತ್ತು ತರಬೇಡಿ. ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೊಡಲು ಇಷ್ಟರಿಂದ ಇಷ್ಟು ಯೂರೋ ಆಗುತ್ತದೆ, ಹೆಚ್ಚಾಗುವಂತಿದ್ದರೆ ಮೊದಲು ಕೇಳುತ್ತೇನೆ. ಸದ್ಯಕ್ಕೆ ಎಂಟು ವಾರ ಕಾಯಬೇಕು. ಬಾಗಿಲಿಗೆ ಎರಡು ಮೆಟ್ಟಿಲಿವೆ, ಗಾಲಿಕುರ್ಚಿಯವರು ಬೆಲ್ ಒತ್ತಿ, ನಾನೇ ಹೊರಗೆ ಬರುತ್ತೇನೆ. ಫೋನು ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಮಾತ್ರ.

ಹೋದೆ. ಮೆಟ್ಟಿಲು ಎಣಿಸಿದೆ, ಎರಡೇ. ಬಾಗಿಲು ಫೋಟೋದಲ್ಲಿದ್ದ ಹಾಗೇ ಬಣ್ಣ ಬಿಟ್ಟಿತ್ತು. ಆತ ಹಿಂದಿನ ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, "ಇದು ಸಿಟಿಜನ್ ಯಂತ್ರದ ಹಾಗಿದೆಯಲ್ಲ?" ಅಂದ. ಎಚ್‌ಎಂಟಿಯವರು 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ಶುರುಮಾಡಿದ್ದೇ ಜಪಾನಿನ ಸಿಟಿಜನ್ ಜೊತೆ ಸೇರಿ ಅಂತ ಹೇಳುವಾಗ ನನ್ನ ಎದೆ ಸುಮ್ಮನೆ ಎರಡಿಂಚು ಉಬ್ಬಿತು. ಆ ಕಾರ್ಖಾನೆಗೂ ನನಗೂ ಏನು ಸಂಬಂಧವೋ ದೇವರೇ ಬಲ್ಲ.

ಅದೇ ವಾರ ಊರಿಂದ ಭಾವ ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿದರು. "ನಮ್ದೂ ವೆಬ್‌ಸೈಟ್ ಆಯ್ತು ಕಣಯ್ಯ, ನೋಡಿ ಹೇಳು." ಭಾವನದು ಮೋಟಾರ್ ರೀವೈಂಡಿಂಗ್ ಅಂಗಡಿ. ಇಪ್ಪತ್ತಾರು ವರ್ಷದಿಂದ ಸುಟ್ಟ ಪಂಪುಗಳಿಗೆ ಜೀವ ಕೊಡುತ್ತಿದ್ದಾರೆ. ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಅರ್ಧಕ್ಕೆ ಅವರ ಕೈ ಸೋಕಿದೆ.

ತೆರೆದೆ. ಮೊದಲು ಏನೋ ಗರಗರ ತಿರುಗಿತು. ಆಮೇಲೆ ಒಂದೊಂದೇ ಫೋಟೋ ಸರಿಯತೊಡಗಿತು: ಕೋಟು ಹಾಕಿದ ಇಬ್ಬರು ಬಿಳಿಯರು ಕೈ ಕುಲುಕುತ್ತಿದ್ದಾರೆ. ಗಾಜಿನ ಕಟ್ಟಡ. ಹೆಡ್‌ಫೋನ್ ಹಾಕಿಕೊಂಡು ನಗುವ ಹುಡುಗಿ. ಭಾವನ ಅಂಗಡಿಯಲ್ಲಿ ಇರುವುದು ಭಾವ, ಇಬ್ಬರು ಹುಡುಗರು, ವಾರ್ನಿಶ್ ವಾಸನೆ. ನಗುವ ಹುಡುಗಿ ಯಾರು ಅಂತ ಅಕ್ಕನೂ ಕೇಳಿದಳಂತೆ. ಕೆಳಗೆ ಇಂಗ್ಲಿಷಿನಲ್ಲಿ ನಾವೇ ಮುಂಚೂಣಿ, ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ. ಮೂಲೆಯಲ್ಲಿ ಕನ್ನಡ ಅಂತ ಒಂದು ಗುಂಡಿ. ಆಸೆಯಿಂದ ಒತ್ತಿದರೆ ಮೇಲಿನ ಸಾಲಿನಲ್ಲಿ "ಮನೆ", ಪಕ್ಕದಲ್ಲಿ "ಈಗ ಪುಸ್ತಕ" ಅಂತ ಬಂತು. ಬುಕ್ ನೌ ಅನ್ನುವುದನ್ನು ಯಂತ್ರ ಹಾಗೆ ಅರ್ಥಮಾಡಿಕೊಂಡಿತ್ತು.

ಯಾವ ಮೋಟಾರ್ ಮಾಡುತ್ತೀರಿ, ಎಷ್ಟು ಎಚ್‌ಪಿವರೆಗೆ, ಸಬ್‌ಮರ್ಸಿಬಲ್ ಮಾಡುತ್ತೀರಾ, ಎಷ್ಟು ದಿನ ಬೇಕು, ಯಾವತ್ತು ರಜೆ, ಅಂಗಡಿ ಎಲ್ಲಿ? ಒಂದಕ್ಕೂ ಉತ್ತರವಿಲ್ಲ. ವಿಳಾಸದ ಜಾಗದಲ್ಲಿ "ಬಸ್ ಸ್ಟ್ಯಾಂಡ್ ಹತ್ತಿರ". ಫೋನ್ ನಂಬರ್ ಸರಿಯುವ ಚಿತ್ರದೊಳಗೆ ಸೇರಿಹೋಗಿತ್ತು. ಒತ್ತಿದರೆ ಕರೆ ಹೋಗದು, ಬರೆದುಕೊಳ್ಳೋಣ ಅನ್ನುವಷ್ಟರಲ್ಲಿ ಹೆಡ್‌ಫೋನ್ ಹುಡುಗಿ ಬರುತ್ತಾಳೆ.

ಅವತ್ತು ರಾತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಮ್ಮದು ಲಗ್ನಪತ್ರಿಕೆ. ಚಿನ್ನದ ಬಣ್ಣ, ಗಣಪತಿ, "ತಾವು ಸಕುಟುಂಬ ಸಪರಿವಾರ". ಛತ್ರ ಎಲ್ಲಿದೆ ಅಂತ ಮಾತ್ರ ಫೋನ್ ಮಾಡಿಯೇ ಕೇಳಬೇಕು. ಇಲ್ಲಿಯವನದು ಪಹಣಿ. ಚಂದವಿಲ್ಲ, ಕರೆಯುವುದೂ ಇಲ್ಲ, ಆದರೆ ಯಾರ ಹೆಸರಲ್ಲಿದೆ, ಎಷ್ಟಿದೆ, ಏನು ಬೆಳೆ, ಎಲ್ಲ ಕಾಲಂ ತುಂಬಿರುತ್ತದೆ. ಗಿರಾಕಿಗೆ ಬೇಕಾದ್ದು ಪಹಣಿ ಅಂತ ನನ್ನ ವಾದ. ಮೋಟಾರ್ ಸುಟ್ಟು, ತೋಟದಲ್ಲಿ ನಿಂತು, ಸಿಗ್ನಲ್ಲು ಒಂದೇ ಕಡ್ಡಿ ಇರುವಾಗ ಮೊಬೈಲ್ ತೆಗೆದವನಿಗೆ ಕೈ ಕುಲುಕುವವರ ಫೋಟೋ ಯಾಕೆ? ಆ ಫೋಟೋಗಳು ಇಳಿದು ಮುಗಿಯುವ ಹೊತ್ತಿಗೆ ಅವನು ಪಕ್ಕದ ತೋಟದವನನ್ನು ಕೇಳಿ ಇನ್ನೊಬ್ಬರ ಅಂಗಡಿ ದಾರಿ ಹಿಡಿದಿರುತ್ತಾನೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಇಲ್ಲಿಗೂ ಊರಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ನಾನು ಕೆಲಸ ಮುಗಿಸಿ ಫೋನ್ ಹಿಡಿಯುವ ಹೊತ್ತಿಗೆ ಅಲ್ಲಿ ಶಟರ್ ಎಳೆದಾಗಿರುತ್ತದೆ. ಅಮ್ಮನ ಮನೆಯ ಇನ್ವರ್ಟರ್ ಕೆಟ್ಟಾಗ ಎಷ್ಟು ವೆಬ್‌ಸೈಟು ತಡಕಿದೆನೋ, ಎಲ್ಲದರಲ್ಲೂ "ವಿವರಗಳಿಗೆ ಕರೆ ಮಾಡಿ". ವಿವರ ಕೊಡದ ಮೇಲೆ ವೆಬ್‌ಸೈಟು ಯಾಕೆ ಸ್ವಾಮಿ, ಗೋಡೆಗೆ ನಂಬರ್ ಬರೆಸಿದ್ದರೆ ಸಾಕಿತ್ತಲ್ಲ?

ಇಲ್ಲಿ ಹಾಗೆ ಅಡಗಿಕೊಳ್ಳಲು ಬಿಡುವುದಿಲ್ಲ. ಇಂಪ್ರೆಸ್ಸುಮ್ ಅಂತ ಒಂದಿದೆ. ವ್ಯಾಪಾರದ ಯಾವ ವೆಬ್‌ಸೈಟಾದರೂ ಮಾಲೀಕನ ಪೂರ್ತಿ ಹೆಸರು, ಬಾಗಿಲು ತಟ್ಟಬಹುದಾದ ವಿಳಾಸ, ಇಮೇಲ್, ನೋಂದಣಿ ಇದ್ದರೆ ಅದರ ಸಂಖ್ಯೆ ಬರೆದಿರಬೇಕು. ಅಂಚೆಪೆಟ್ಟಿಗೆ ಸಂಖ್ಯೆ ಕೊಟ್ಟು ಜಾರಿಕೊಳ್ಳುವಂತಿಲ್ಲ. ಈ ನಿಯಮ 2007ರಿಂದ ಒಂದು ಕಾನೂನಿನಲ್ಲಿತ್ತು, 2024ರ ಮೇ ತಿಂಗಳಿಂದ ಇನ್ನೊಂದರ 5ನೇ ಕಲಮಿನಲ್ಲಿದೆ. ಮೊದಲ ಪುಟದಿಂದ ಎರಡು ಸಲ ಒತ್ತಿದರೆ ಸಿಗುವಂತಿದ್ದರೆ ಸಾಕು ಅಂತ ಇಲ್ಲಿನ ಫೆಡರಲ್ ಸರ್ವೋಚ್ಚ ನ್ಯಾಯಾಲಯ 2006ರಲ್ಲೇ ಹೇಳಿದೆ. ನಮಗೇನೂ ಹೊಸದಲ್ಲ ಇದು. ನಮ್ಮ ಪತ್ರಿಕೆಗಳ ಬುಡದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಅಂತ ಇರುವೆ ಸಾಲು ಇರುತ್ತದಲ್ಲ, ಅದರ ಬೇರು 1867ರ ಕಾಯ್ದೆಯಲ್ಲಿದೆ. ಕಾಗದಕ್ಕೆ ಇದ್ದ ಆ ಶಿಸ್ತು ಪರದೆಗೆ ಬರುವಾಗ ನಮ್ಮ ಕೈಯಿಂದ ಎಲ್ಲೋ ಬಿದ್ದುಹೋಯಿತು.

ಹಾಗಂತ ನಮ್ಮಲ್ಲಿ ಕಾನೂನು ಇಲ್ಲ ಅನ್ನುವಂತಿಲ್ಲ. ಆನ್‌ಲೈನಿನಲ್ಲಿ ಮಾರುವವರು ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿ ಯಾರು ಎಲ್ಲ ತೋರಿಸಬೇಕು, ದೂರು ಬಂದರೆ 48 ಗಂಟೆಯೊಳಗೆ ಬಂತು ಅನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲಿದೆ. ಭಾವ ಆನ್‌ಲೈನಿನಲ್ಲಿ ಏನೂ ಮಾರುವುದಿಲ್ಲವಾದ್ದರಿಂದ ಅವರನ್ನು ಇದರಲ್ಲಿ ಎಳೆಯಲಾರೆ. ಎಳೆಯಬೇಕು ಅಂತ ಮನಸ್ಸಿತ್ತು.

ಫೋನ್ ಮಾಡಿ ಜಗಳಕ್ಕೆ ಕೂತೆ. ಚಿತ್ರಗಳನ್ನು ತೆಗೆಯಿರಿ ಭಾವ, ನಿಮ್ಮ ಅಂಗಡಿಯ ಒಂದು ಫೋಟೋ ಹಾಕಿ ಸಾಕು. ನಂಬರನ್ನು ಅಕ್ಷರದಲ್ಲಿ ಹಾಕಿಸಿ, ಬೆರಳು ಇಟ್ಟರೆ ಕರೆ ಹೋಗಬೇಕು. ಕನ್ನಡವನ್ನು ಯಂತ್ರಕ್ಕೆ ಬಿಡಬೇಡಿ, ನೀವು ಗಿರಾಕಿಗೆ ಹೇಳುವ ಹಾಗೇ ಬರೆಸಿ, ಚಿತ್ರದೊಳಗೆ ತೂರಿಸದೆ ಯೂನಿಕೋಡಿನಲ್ಲಿ ಬರೆಸಿ, ಹುಡುಕುವವರಿಗೆ ಸಿಗುತ್ತದೆ. ಇಷ್ಟಕ್ಕೆಲ್ಲ ಹೂಂ ಅಂದರು. ರೇಟ್ ಹಾಕಿ ಅಂದ ಕೂಡಲೇ ಮಾತ್ರ ದನಿ ಏರಿತು.

"ರೇಟ್ ಹಾಕಿದ್ರೆ ಯಾವನು ಫೋನ್ ಮಾಡ್ತಾನೆ? ನೋಡ್ಕೊಂಡು ಮುಂದಿನ ಅಂಗಡಿಗೆ ಹೋಗ್ತಾನೆ. ತಾಮ್ರದ ಬೆಲೆ ದಿನಾ ಕುಣೀತದೆ. ಸೋಮವಾರ ಬರ್ದಿದ್ದು ಗುರುವಾರ ಸುಳ್ಳಾಗ್ತದೆ. ಮೋಟಾರ್ ಬಿಚ್ಚಿ ನೋಡ್ದೆ ಏನ್ ಹೇಳ್ಲಿ, ಸುಟ್ಟಿರೋದು ಕಾಯ್ಲೋ, ಬೇರಿಂಗ್ ಹೋಗಿದ್ಯೋ?"

"ಅದನ್ನೇ ಬರೀರಿ ಭಾವ. ಬಿಚ್ಚಿ ನೋಡಿದ ಮೇಲೆ ರೇಟ್ ಹೇಳ್ತೀನಿ, ನೀವು ಒಪ್ಪೋವರೆಗೂ ಕೈ ಹಾಕಲ್ಲ ಅಂತ."

"ಅದು ಗಿರಾಕಿಗೆ ಗೊತ್ತೇ ಇದೆಯಲ್ಲಯ್ಯ."

ಹಳೇ ಗಿರಾಕಿಗೆ ಗೊತ್ತು. ಹೊಸಬನಿಗೆ ಹೇಗೆ ಗೊತ್ತಾಗಬೇಕು? ವೆಬ್‌ಸೈಟು ಇರುವುದೇ ನಿಮ್ಮ ಪರಿಚಯ ಇಲ್ಲದವನಿಗಾಗಿ. ನಮ್ಮವರ ತಲೆಗೆ ಇದೊಂದು ಹೋಗುವುದಿಲ್ಲ ಅಂತ ಅವತ್ತು ಗೊಣಗಿಕೊಂಡೇ ಮಲಗಿದೆ.

ಇಷ್ಟು ಬರೆದ ಮೇಲೆ ಹೊಟ್ಟೆಯಲ್ಲಿಟ್ಟುಕೊಂಡ ಒಂದೆರಡು ಮಾತನ್ನೂ ಕಕ್ಕಬೇಕು. ಇಲ್ಲಿಯವರು ಅಷ್ಟೆಲ್ಲ ಬರೆಯುವುದರ ಹಿಂದೆ ಗಿರಾಕಿಯ ಮೇಲಿನ ಪ್ರೀತಿಗಿಂತ ಭಯವೇ ಜಾಸ್ತಿ ಇರಬಹುದು. ಇಂಪ್ರೆಸ್ಸುಮ್ ತಪ್ಪಿದರೆ ದಂಡ 50,000 ಯೂರೋವರೆಗೂ ಹೋಗಬಹುದು. ಅದಕ್ಕೂ ಮೊದಲು ಪ್ರತಿಸ್ಪರ್ಧಿಯ ವಕೀಲರ ಕಾಗದ ಬರಬಹುದು, 2020ರ ಕೊನೆಯವರೆಗೆ ಜೊತೆಗೆ ಅವರ ಫೀಜಿನ ಬಿಲ್ಲೂ ಬರುತ್ತಿತ್ತು. 2022ರ ಜನವರಿಯಲ್ಲಿ ಮ್ಯೂನಿಕ್ಕಿನ ಒಂದು ನ್ಯಾಯಾಲಯ, ವೆಬ್‌ಸೈಟಿನ ಅಕ್ಷರವಿನ್ಯಾಸವನ್ನು, ಅಂದರೆ ಫಾಂಟನ್ನು, ಗೂಗಲ್ ಸರ್ವರ್‌ನಿಂದ ತರಿಸಿದ್ದಕ್ಕೆ, ನೋಡುವವನ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಅವನ ಗುರುತಿನ ಸಂಖ್ಯೆ) ಅವನನ್ನು ಕೇಳದೆ ಅಲ್ಲಿಗೆ ಹೋಯಿತು ಅಂತ 100 ಯೂರೋ ಪರಿಹಾರ ಕೊಡಿಸಿತು. ಅಕ್ಷರಕ್ಕೂ ಕೇಸು! ಭಾವನಿಗೆ ಇದನ್ನು ಹೇಳಿದರೆ ಅಂಗಡಿಯ ಬೋರ್ಡನ್ನೇ ಇಳಿಸಿಬಿಟ್ಟಾರು.

ಇನ್ನೊಂದು, ಇದನ್ನು ಬರೆಯಲು ಮನಸ್ಸಿಲ್ಲ. ಹೋದ ತಿಂಗಳು ರಾತ್ರಿ ಹತ್ತಕ್ಕೆ ಯಾರೋ ಗುರುತಿಲ್ಲದವರು ಭಾವನಿಗೆ ಸುಟ್ಟ ಸ್ಟಾರ್ಟರಿನ ವಿಡಿಯೋ ಕಳಿಸಿದರಂತೆ. ಭಾವ ಊಟದ ಕೈಯಲ್ಲೇ ವಾಯ್ಸ್ ಮೆಸೇಜ್ ಮಾಡಿ, ಯಾವ ತಂತಿ ಬಿಚ್ಚಬೇಕು, ಯಾವುದು ಮುಟ್ಟಬಾರದು ಹೇಳಿ, ಬೆಳಿಗ್ಗೆ ಆರಕ್ಕೆ ಹುಡುಗನನ್ನು ಬೈಕಿನಲ್ಲಿ ಕಳಿಸಿದರು. ಬೆಳೆ ಒಣಗಲಿಲ್ಲ. ಯಾವ ಪುಟದಲ್ಲಿ ಯಾವ ಕಾಲಂ ಹಾಕಿ ಇದನ್ನು ಬರೆಯುವುದು ನನಗೂ ಹೊಳೆದಿಲ್ಲ. ಇಲ್ಲಿ ಪ್ಲಂಬರ್‌ಗೆ ಅವರ ಸೈಟಿನ ಅಚ್ಚುಕಟ್ಟಾದ ಫಾರಂ ತುಂಬಿ ಕಳಿಸಿದ್ದಕ್ಕೆ ಒಂಬತ್ತು ದಿನದ ಮೇಲೆ, ಮನೆಯ ನಲ್ಲಿ ತಾನಾಗಿಯೇ ಸುಸ್ತಾಗಿ ನಿಂತ ಮೇಲೆ, ಉತ್ತರ ಬಂದಿತ್ತು.

ಭಾವನ ಸೈಟು ಈಗ ಸ್ವಲ್ಪ ಬದಲಾಗಿದೆ. ಬಿಳಿಯರು ಹೋದರು. ಬೆಂಚಿನ ಮೇಲೆ ತಾಮ್ರದ ತಂತಿ ಸುತ್ತುತ್ತಿರುವ ಭಾವನ ಕೈಗಳ ಫೋಟೋ ಬಂತು, ಅಕ್ಕ ತೆಗೆದದ್ದು. ನಂಬರಿಗೆ ಬೆರಳಿಟ್ಟರೆ ಕರೆ ಹೋಗುತ್ತದೆ. "ಅಮಾವಾಸ್ಯೆ ದಿನ ಅಂಗಡಿ ಇರುವುದಿಲ್ಲ" ಅಂತ ಕನ್ನಡದಲ್ಲಿ ಒಂದು ಸಾಲು. ರೇಟು ಇಲ್ಲ. ಹೆಡ್‌ಫೋನ್ ಹುಡುಗಿಯೂ ಕೊನೆಯಲ್ಲಿ ಹಾಗೇ ಇದ್ದಾಳೆ, ಡಿಸೈನ್ ಮಾಡಿದ ಹುಡುಗನಿಗೆ ಬೇಜಾರಾಗುತ್ತದಂತೆ.

ಮೊನ್ನೆ ಭಾನುವಾರ ಭಾವ ಕೇಳಿದರು, "ನಿಮ್ಮಪ್ಪನ ವಾಚ್ ಬಂತೇನಯ್ಯ?"

"ಇನ್ನೂ ಮೂರು ವಾರ."

"ಒಂದ್ ಫೋನ್ ಹಾಕಿ ಕೇಳ್ಬಾರ್ದಾ?"

"ಆಗಿದೆಯಾ ಅಂತ ಕೇಳೋಕೆ ಫೋನ್ ಮಾಡ್ಬೇಡಿ ಅಂತ ವೆಬ್‌ಸೈಟಲ್ಲೇ ಬರೆದಿದಾನೆ ಭಾವ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಬರೆದಿದಾನಲ್ಲ, ಅಷ್ಟು ಸಾಕು ಬಿಡು ನಿಂಗೆ" ಅಂದರು.