ಮರುಚಿಂತನೆ, ಮಧ್ಯಾಹ್ನದ ಊಟ ಸಹಿತ

ಸಂಸ್ಕೃತಿ ಬದಲಾಗಿದೆ ಎಂಬುದು ಕೊನೆಗೂ ಕಲಬುರಗಿಯ ಎ.ಸಿ. ಸಭಾಂಗಣವೊಂದರಲ್ಲಿ ಅಧಿಕೃತವಾಗಿ ಪತ್ತೆಯಾಯಿತು. ಸುದ್ದಿ ನೀವೂ ಓದಿದ್ದೀರಿ, ಫೋಟೊ ವಾಟ್ಸ್‌ಆ್ಯಪಿನಲ್ಲಿ ನಾಲ್ಕು ಗುಂಪಿನಿಂದ ಬಂದಿರುತ್ತದೆ. ವೇದಿಕೆ ಮೇಲೆ ಹದಿನಾಲ್ಕು ಜನ, ಕೆಳಗೆ ಅದಕ್ಕಿಂತ ತುಸು ಹೆಚ್ಚು, ಹಿಂದೆ ‘ಬದಲಾಗುತ್ತಿರುವ ಸಂಸ್ಕೃತಿಯಲ್ಲಿ ಸಭೆಯ ಸೇವೆ: ಒಂದು ಮರುಚಿಂತನೆ’ ಎಂಬ ಫ್ಲೆಕ್ಸ್. ಸಭೆ ಎಂದರೆ ಇಲ್ಲಿ ಕ್ರೈಸ್ತ ಸಭೆ, ಚರ್ಚು. ಯಾವ ಸಭೆಯವರು ಎಂದು ಹೆಸರು ಹೇಳುವ ಅಗತ್ಯವಿಲ್ಲ. ಮೆಥೋಡಿಸ್ಟರು, ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ), ಕಥೋಲಿಕರು, ಯಾರೇ ಮರುಚಿಂತನೆ ಮಾಡಲಿ, ಫ್ಲೆಕ್ಸಿನ ಬಣ್ಣ ಬಿಟ್ಟರೆ ಕಾರ್ಯಕ್ರಮ ಪಟ್ಟಿ ಒಂದೇ.

ಪಟ್ಟಿಯಲ್ಲಿ ಬೆಳಿಗ್ಗೆ ಹತ್ತು ಎಂದಿದ್ದರೆ ಹನ್ನೊಂದೂಕಾಲು ಎಂದು ಓದಿಕೊಳ್ಳಬೇಕು. ಮೊದಲು ದೀಪ. ಐದು ಬತ್ತಿಗೆ ಐವರು ಗಣ್ಯರು. ಎ.ಸಿ. ಗಾಳಿ ನೆಟ್ಟಗೆ ದೀಪದ ಮೇಲೇ ಬೀಸುವುದರಿಂದ ನಾಲ್ಕನೆಯವರು ಹಚ್ಚುವ ಹೊತ್ತಿಗೆ ಮೊದಲನೆಯವರ ಬತ್ತಿ ಆರಿರುತ್ತದೆ, ಫೋಟೊಗ್ರಾಫರ್ ಮತ್ತೆ ಮೊದಲಿನಿಂದ ಎನ್ನುತ್ತಾನೆ. ಆಮೇಲೆ ಶಾಲು. ಒಬ್ಬರಿಗೆ ಮೂರು ನಿಮಿಷದಂತೆ ಹದಿನಾಲ್ಕು ಜನಕ್ಕೆ ನಲವತ್ತೆರಡು ನಿಮಿಷ. ಸ್ವಾಗತ, ಪ್ರಾಸ್ತಾವಿಕ, ಆಶಯ ನುಡಿ, ಶುಭ ನುಡಿ ದಾಟಿ ಮುಖ್ಯ ಉಪನ್ಯಾಸ ಇಂಗ್ಲಿಷಿನಲ್ಲಿ ಶುರುವಾದಾಗ ಹೊರಗೆ ಬಿರಿಯಾನಿ ಹಂಡೆಯ ಮುಚ್ಚಳ ತೆಗೆದ ವಾಸನೆ ಒಳಗೆ ಬರುತ್ತದೆ. ಊಟವಾದ ಮೇಲೆ ಗುಂಪು ಚರ್ಚೆ, ನಲವತ್ತು ನಿಮಿಷ. ಇಡೀ ದಿನದಲ್ಲಿ ಹಳ್ಳಿಯಿಂದ ಬಂದವರು ಬಾಯಿ ಬಿಡಬಹುದಾದ ಸಮಯ ಇದೊಂದೇ. ಗುಂಪಿಗೊಂದು ಚಾರ್ಟ್ ಹಾಳೆ, ಎಲ್ಲ ಗುಂಪಿಗೂ ಸೇರಿ ಮಸಿ ಒಣಗಿದ ಒಂದು ಮಾರ್ಕರ್ ಪೆನ್ನು. ವರದಿ ಓದಲು ಐದು ನಿಮಿಷ, ಮೂರಕ್ಕೇ ಗಂಟೆ. ‘ಎಲ್ಲ ವರದಿಗಳನ್ನು ಕ್ರೋಡೀಕರಿಸಿ ಸಮಿತಿಗೆ ಸಲ್ಲಿಸಲಾಗುವುದು.’ ವಂದನಾರ್ಪಣೆ.

ಸಂಸ್ಕೃತಿಯ ಜೊತೆ ಹೀಗೆ ಗುದ್ದಾಡುವುದು ಹೊಸದೇನಲ್ಲ. ಭಾರತದ ಕಥೋಲಿಕರಿಗೆ 1969ರಲ್ಲಿ ರೋಮಿನಿಂದ ಹನ್ನೆರಡು ಅಂಶಗಳಿಗೆ ಅನುಮತಿ ಬಂತು. ಪೂಜೆಯಲ್ಲಿ ನೆಲದ ಮೇಲೆ ಕೂರಬಹುದು, ಚಪ್ಪಲಿ ಹೊರಗೆ ಬಿಡಬಹುದು, ಕೈ ಮುಗಿಯಬಹುದು, ಮೇಣದ ಬತ್ತಿಯ ಬದಲು ಎಣ್ಣೆ ದೀಪ ಹಚ್ಚಬಹುದು, ಆರತಿ ಎತ್ತಬಹುದು. ವಿದ್ವಾಂಸರಿಗೆ ಅದು ಕ್ರಾಂತಿ. ಔರಾದ್ ಕಡೆಯ ಹಳ್ಳಿಯಲ್ಲಿ ಬೆಂಚಿಗೆ ದುಡ್ಡಿಲ್ಲದ ಚರ್ಚುಗಳವರು ಅಲ್ಲಿಯವರೆಗೆ ಎಲ್ಲಿ ಕೂತಿದ್ದರು ಅಂತ ಕೇಳಬೇಡಿ. 2021ರ ಅಕ್ಟೋಬರ್‌ನಲ್ಲಿ ರೋಮ್ ಮತ್ತೊಂದು ಸಿನೊಡ್, ಅಂದರೆ ಇಡೀ ಸಭೆಯ ಸಮಾಲೋಚನೆ, ಆರಂಭಿಸಿ, ಈ ಸಲ ಎಲ್ಲರ ಮಾತೂ ಕೇಳುತ್ತೇವೆ ಎಂದಿತು. ಅಂತಿಮ ದಾಖಲೆ 2024ರ ಅಕ್ಟೋಬರ್‌ನಲ್ಲಿ ಬಂತು. ಒಳ್ಳೆಯ ದಾಖಲೆ. ಓದಿದವರು ಸಿಕ್ಕರೆ ಕಲಬುರಗಿಯಲ್ಲಿ ಅವರಿಗೂ ಒಂದು ಶಾಲು ಹೊದಿಸಬಹುದು.

ಇತ್ತ ಹಳ್ಳಿಯ ಸಭಾಪಾಲಕರ, ಅಂದರೆ ಪಾಸ್ಟರರ, ಭಾನುವಾರ ನೋಡಿ. ಒಂದು ಬೈಕು, ಏಳೆಂಟು ಊರು. ಪ್ರಭುಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ ರೊಟ್ಟಿ ಮತ್ತು ವೈನ್, ಕೊಡಲು ದೀಕ್ಷೆಯಾದವರೇ ಬೇಕು, ಆದ್ದರಿಂದ ಎಲ್ಲ ಊರಿಗೂ ಆ ಒಬ್ಬರೇ ತಿರುಗಬೇಕು. ಮೆಥೋಡಿಸ್ಟರು ವೈನ್ ಮುಟ್ಟುವುದಿಲ್ಲ, ದ್ರಾಕ್ಷಿ ರಸ. ನಮ್ಮ ಕಡೆ ಬಾರಾ ತಿಂಗಳು ಹಸಿ ದ್ರಾಕ್ಷಿ ಎಲ್ಲಿಂದ ಬರಬೇಕು? ಒಣದ್ರಾಕ್ಷಿಯೇ ಗತಿ. ಕಾಲು ಕಿಲೊ ಕಪ್ಪು ಒಣದ್ರಾಕ್ಷಿಯನ್ನು ಶನಿವಾರ ಬೆಳಿಗ್ಗೆ ನೆನೆಹಾಕಿ, ಸಂಜೆ ಒಂದು ಲೀಟರ್ ನೀರಲ್ಲಿ ಕುದಿಸಿ, ಹಿಚುಕಿ, ಬಿಳಿ ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಬಾಟಲಿಗೆ ತುಂಬಬೇಕು. ಈ ಕೆಲಸ ಪಾಸ್ಟರ್ ಮನೆಯ ಅಮ್ಮನವರದು, ಯಾವ ವರದಿಯಲ್ಲೂ ಅದು ಬರುವುದಿಲ್ಲ. ಬಾಟಲಿಯನ್ನು ಕುದಿನೀರಲ್ಲಿ ತೊಳೆಯದಿದ್ದರೆ, ತಳದಲ್ಲಿ ಹಿಂದಿನ ತಿಂಗಳ ಗಸಿ ಉಳಿದಿದ್ದರೆ, ಮೇ ತಿಂಗಳ ನಲವತ್ತೆರಡು ಡಿಗ್ರಿಯಲ್ಲಿ ಬೈಕಿನ ಡಿಕ್ಕಿಯೊಳಗೆ ಕುಲುಕಿ ಕುಲುಕಿ ರಸ ಹುಳಿಯುತ್ತದೆ. ಮೊದಲನೇ ಊರಲ್ಲಿ ಸಿಹಿಯಾಗಿದ್ದದ್ದು ಸಂಜೆಯ ಊರಲ್ಲಿ ಮುಚ್ಚಳ ತಿರುವಿದರೆ ‘ಸುಸ್’ ಅಂತದ. ಹೀಗಾಗಬಾರದೆಂದೇ ಅಮೆರಿಕದಲ್ಲಿ ವೆಲ್ಚ್ ಎಂಬ ಮೆಥೋಡಿಸ್ಟ್ ದಂತವೈದ್ಯ 1869ರಲ್ಲಿ ರಸ ತುಂಬಿದ ಬಾಟಲಿಯನ್ನೇ ಬಿಸಿನೀರಲ್ಲಿಟ್ಟು ಕಾಯಿಸಿ ಹುಳಿ ತಡೆದ. ಆ ಉಪಾಯ ಗುರುಮಠಕಲ್ ಕಡೆಯ ಹಳ್ಳಿಗೆ ಇನ್ನೂ ಬಂದಿಲ್ಲ. ಮರುಚಿಂತನೆ ಮಾತ್ರ ನಾಲ್ಕು ಸಲ ಬಂದು ಹೋಗಿದೆ. ‘ಅಯ್ಯನವರ, ನಮ್ಮೂರಿಗಿ ಮತ್ತ ಯಾವಾಗ ಬರ್ತೀರಿ?’ ಅಂದರೆ ಅವರು ಹೇಳುವುದೇನು? ವಾರ್ಷಿಕ ಸಮ್ಮೇಳನದ ಕೊನೆಗೆ ಬಿಷಪ್ ನೇಮಕಾತಿ ಪಟ್ಟಿ ಓದುವವರೆಗೆ ತಾವು ಈ ತಾಲೂಕಿನಲ್ಲೇ ಇರುತ್ತೇವೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ.

ಯುವಜನರು ಯಾಕೆ ಬರುತ್ತಿಲ್ಲ ಎಂಬುದಕ್ಕೆ ಸ್ಲೈಡಿನಲ್ಲಿ ಉತ್ತರ ಇತ್ತು: ಮೊಬೈಲ್, ಪಾಶ್ಚಾತ್ಯ ಸಂಸ್ಕೃತಿ. ಪಾಶ್ಚಾತ್ಯರು ಕಟ್ಟಿಸಿದ ಚರ್ಚಿನವರೇ ಹೀಗೆ ಹೇಳಲು ಧೈರ್ಯ ಬೇಕು, ಭೇಷ್. ಹುಡುಗರು ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾರೆ, ಪುಣೆಯಲ್ಲಿ ವಾಚ್‌ಮನ್ ಆಗಿದ್ದಾರೆ, ಇದ್ದಲ್ಲೇ ತಗಡಿನ ಶೆಡ್ಡಿನ ಪ್ರಾರ್ಥನೆಗೆ ಹೋಗುತ್ತಾರೆ. ಅಲ್ಲಿ ಕೀಬೋರ್ಡ್ ಇದೆ, ಪಾಸ್ಟರ್ ಫೋನ್ ಎತ್ತುತ್ತಾರೆ. ನವೆಂಬರ್ ಬಂದರೆ ಇದೇ ಜನ ಗಂಟು ಕಟ್ಟಿಕೊಂಡು ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನ ಮೆಥೋಡಿಸ್ಟ್ ಜಾತ್ರೆಗೆ ಹೋಗಿ, ಡೇರೆ ಹಾಕಿ, ಒಲೆ ಹೂಡಿ, ಹಾಡಿ ಬರುತ್ತಾರೆ. 1923ರಿಂದ ನಡೆದಿದೆ. ಅದಕ್ಕೆ ಪವರ್‌ಪಾಯಿಂಟ್ ಬೇಕಾಗಿಲ್ಲ.

ಇನ್ನು ನಗುವುದು ಸಾಕು. ಅವತ್ತು ಹಂಚಿದ ಪ್ರಶ್ನಾವಳಿಯ ಮೊದಲ ಸಾಲು ‘ಹೆಸರು’. ಟಿ.ಸಿ.ಯಲ್ಲಿ ಶರಣಪ್ಪ, ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಸ್ಯಾಮ್ಯುವೆಲ್ ಆಗಿರುವ ಹುಡುಗ ಅಲ್ಲಿ ಏನು ಬರೆಯಬೇಕು? ಹಿಂದೂ ಅಲ್ಲದವರನ್ನು ಪರಿಶಿಷ್ಟ ಜಾತಿಯೆಂದು ಎಣಿಸದ 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪ್ಯಾರಾ ಅವನನ್ನು ಎರಡು ಹೋಳು ಮಾಡಿದೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು, ಕ್ರೈಸ್ತನಾದ ದಲಿತನಿಗೆ ಇಲ್ಲ. ರಾಜ್ಯದಲ್ಲಿ ಅವನಿಗೆ ಉಳಿದದ್ದು ಹಿಂದುಳಿದ ವರ್ಗಗಳ ಪ್ರವರ್ಗ 1. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಜಾತಿಯ ಜೊತೆ ಕ್ರಿಶ್ಚಿಯನ್ ಎಂಬ ಪದ ಸೇರಿದ್ದಕ್ಕೆ ರಾಜ್ಯವೆಲ್ಲ ರಂಪವಾಯಿತು. ಆಗ ಮನೆ ಬಾಗಿಲಿಗೆ ಬಂದ ಮೇಷ್ಟ್ರಿಗೆ ಯಾವ ಹೆಸರು ಹೇಳಬೇಕು, ಹೇಳಿದರೆ ಮಗಳ ಸ್ಕಾಲರ್‌ಶಿಪ್ ಏನಾಗುತ್ತದೆ ಎಂದು ಹಳ್ಳಿಯಲ್ಲಿ ದಿಗಿಲು ಬಿದ್ದಿದ್ದರು. ನಮ್ಮ ಚಿಂತಕರ ಸ್ಲೈಡುಗಳಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಉತ್ತರಾಧುನಿಕತೆಯ ಬಗ್ಗೆ ಹನ್ನೊಂದು ಸ್ಲೈಡ್ ಇದ್ದವು.

ಸ್ಮಶಾನದ್ದೂ ಅದೇ ಕತೆ. ಊರ ಸ್ಮಶಾನದಲ್ಲಿ ‘ನೀವು ಬ್ಯಾರೆ ಆದ್ರಿ’ ಅನ್ನುತ್ತಾರೆ, ಸ್ವಂತದ್ದು ಇಲ್ಲ. ಹೆಣ ಮುಂದಿಟ್ಟುಕೊಂಡು ಹಳ್ಳದ ದಂಡೆಗೆ ಯಾರ ಕೈಕಾಲು ಹಿಡಿಯಬೇಕು ಎಂದು ಯೋಚಿಸುವುದೇ ಅಲ್ಲಿ ಮರುಚಿಂತನೆ. ಮಾಡಬೇಕಾದ್ದು ದೊಡ್ಡ ದೈವಶಾಸ್ತ್ರವೇನಲ್ಲ. ಊರಿನ ಸರ್ಕಾರಿ ಜಮೀನಿನ ಸರ್ವೆ ನಂಬರು ಹುಡುಕಿ ಪಹಣಿ ತೆಗೆಸಬೇಕು. ಗ್ರಾಮ ಪಂಚಾಯ್ತಿ ಠರಾವು, ಎಷ್ಟು ಮನೆ ಎಂಬ ಪಟ್ಟಿ ಜೋಡಿಸಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಭೂಕಂದಾಯ ಕಾಯ್ದೆ 1964ರ 71ನೇ ಕಲಮಿನಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಜಾಗ ಕಾಯ್ದಿರಿಸಿ ಎಂದು ಕೇಳಬೇಕು. ಸರ್ವೆಯವರು ಅಳೆದು ನಕ್ಷೆ ಹಾಕುವ ತನಕ ಬೆನ್ನು ಬಿಡಬಾರದು. ಆದೇಶವಾದ ಮೇಲೆ ಪಹಣಿಯಲ್ಲಿ ಸ್ಮಶಾನ ಎಂದು ಬಿದ್ದಿದೆಯೇ ನೋಡಬೇಕು, ಅರ್ಧಕ್ಕರ್ಧ ಕೆಡುವುದು ಅಲ್ಲೇ. ಒಂಟಿ ಹಳ್ಳಿಯವನು ಹೋದರೆ ‘ನಾಳೆ ಬಾ’. ಕೊರಳಿಗೆ ಶಿಲುಬೆ ಹಾಕಿಕೊಂಡ ಹದಿನಾಲ್ಕು ಜನ ಒಟ್ಟಿಗೆ ಡಿ.ಸಿ. ಕಚೇರಿಗೆ ಹೋದರೆ ಕುರ್ಚಿ ಹಾಕಿಸಿ ಚಹಾ ಕೊಟ್ಟು ಕೇಳುತ್ತಾರೆ.

ಆ ಹದಿನಾಲ್ಕು ಜನ ಮುಂದಿನ ತಿಂಗಳು ಮತ್ತೆ ಸೇರುತ್ತಿದ್ದಾರೆ, ಉಪಸಮಿತಿಯ ಸಂಚಾಲಕರು ಯಾರೆಂದು ತೀರ್ಮಾನಿಸಲು. ಇಬ್ಬರು ಆಕಾಂಕ್ಷಿಗಳಿದ್ದಾರಂತೆ, ಒಬ್ಬರು ಆಗಲೇ ಸ್ಟೇ ತರಲು ವಕೀಲರನ್ನು ಕಂಡಿದ್ದಾರೆ.