ಮೀಟಿಂಗಲ್ಲಿ ಯಾರೆಷ್ಟು ಮಾತಾಡಿದ್ರು ಅನ್ನೋ ಲೆಕ್ಕ ಮೊದ್ಲು ಟೀಮಿಗೆ ಸಿಗ್ಬೇಕು

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಈಗ ಮೀಟಿಂಗ್ ಶುರುವಾಗೋಕ್ಕಿಂತ ಮುಂಚೆನೇ ಎಐ ನೋಟ್‌ಟೇಕರ್, ಅಂದ್ರೆ ಮಾತು ಕೇಳಿಸ್ಕೊಂಡು ನೋಟ್ಸ್ ಬರ್ಕೊಳ್ಳೋ ಸಾಫ್ಟ್‌ವೇರ್, ಬಂದು ಕೂತಿರುತ್ತೆ. ಅದು ಬರೀ ಸಮ್ಮರಿ ಬರೆದು ಸುಮ್ನಾಗಲ್ಲ, ಕೆಲವು ಟೂಲ್‌ಗಳು ಯಾರು ಎಷ್ಟು ಪರ್ಸೆಂಟ್ ಮಾತಾಡಿದ್ರು, ಯಾರಿಗೆ ಆಸಕ್ತಿ ಇತ್ತು ಯಾರಿಗೆ ಇರ್ಲಿಲ್ಲ ಅಂತ ಸ್ಕೋರ್ ಕೂಡ ಕೊಡ್ತಾವೆ. ಇದರಲ್ಲಿ ಮೊದಲನೇದು ನಂಗೆ ಬೇಕು, ಎರಡನೇದು ಖಂಡಿತ ಬೇಡ.

ಮಾತಿನ ಲೆಕ್ಕ ಯಾಕೆ ಬೇಕು ಅಂದ್ರೆ, 2010ರಲ್ಲಿ ಸೈನ್ಸ್ ಪತ್ರಿಕೇಲಿ ಅನಿತಾ ವೂಲಿ, ಥಾಮಸ್ ಮಲೋನ್ ಮತ್ತವರ ಜೊತೆಗಾರರು 699 ಜನರನ್ನ ಚಿಕ್ಕ ಚಿಕ್ಕ ಗುಂಪು ಮಾಡಿ ಕೆಲಸ ಕೊಟ್ಟು ನೋಡಿದ ಅಧ್ಯಯನ ಬಂತು. ಗುಂಪಲ್ಲಿರೋ ಅತೀ ಜಾಣರು ಎಷ್ಟು ಜಾಣರು ಅನ್ನೋದಕ್ಕೂ ಇಡೀ ಗುಂಪಿನ ಸಾಮರ್ಥ್ಯಕ್ಕೂ ಅಂಥಾ ದೊಡ್ಡ ಸಂಬಂಧ ಕಾಣ್ಲಿಲ್ಲ. ಒಬ್ಬಿಬ್ರೇ ಮಾತಾಡ್ತಿದ್ದ ಗುಂಪುಗಳಿಗಿಂತ ಎಲ್ರೂ ಸರದಿ ಹಂಚ್ಕೊಂಡು ಮಾತಾಡಿದ ಗುಂಪುಗಳು ಚೆನ್ನಾಗಿ ಕೆಲಸ ಮಾಡಿದ್ವು. ಒಂದು ಗಂಟೆ ಮೀಟಿಂಗಲ್ಲಿ ನಲವತ್ತು ನಿಮಿಷ ತಾನೇ ಮಾತಾಡೋ ಲೀಡ್‌ಗೆ ಅದು ತನಗೇ ಗೊತ್ತಾಗಲ್ಲ, ಪಕ್ಕದಲ್ಲಿರೋರು ಹೇಳೋ ಧೈರ್ಯ ಮಾಡಲ್ಲ, ಆ ಕೆಲಸ ಮೆಷಿನ್ ಮಾಡ್ಲಿ.

ಆದ್ರೆ ಸುಮ್ನೆ ಕೂತೋರ ಬಗ್ಗೆ ಮೆಷಿನ್‌ಗೆ ಏನ್ ಗೊತ್ತು? ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗಿ ತಲೇಲಿ ಇಂಗ್ಲಿಷ್ ವಾಕ್ಯ ಜೋಡಿಸ್ಕೊಳ್ಳೋಷ್ಟ್ರಲ್ಲಿ ಟಾಪಿಕ್ಕೇ ಮುಂದಕ್ಕೆ ಹೋಗಿರುತ್ತೆ, ಆಮೇಲೆ ಕೆಳಗೆ ಟೀ ಕುಡಿಯೋವಾಗ ಅವಳೇ ಆ ಡಿಸೈನಲ್ಲಿ ಎಲ್ಲಿ ತೊಂದ್ರೆ ಇದೆ ಅಂತ ಕರೆಕ್ಟಾಗಿ ಹೇಳ್ತಾಳೆ. ರಿಪೋರ್ಟಲ್ಲಿ ಮಾತ್ರ ಅವಳು "ಲೋ ಎಂಗೇಜ್‌ಮೆಂಟ್", ಅಂದ್ರೆ ಆಸಕ್ತಿ ಕಮ್ಮಿ. ಇನ್ನು ಕಾನ್ಫರೆನ್ಸ್ ರೂಮಲ್ಲಿ ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ಮೈಕ್ ಮುಂದೆ ಕೂತು, ಕನ್ನಡ ತೆಲುಗು ಇಂಗ್ಲಿಷ್ ಬೆರೆಸಿ, ಒಬ್ರ ಮೇಲೊಬ್ರು ಮಾತಾಡಿದ್ರೆ ಯಾರ ಮಾತು ಯಾರ ಹೆಸರಿಗೆ ಹೋಗುತ್ತೋ! ಇಂಥಾ ಲೆಕ್ಕನ ಅಪ್ರೈಸಲ್‌ಗೆ ಸೇರ್ಸೋದು ಶುದ್ಧ ಅನ್ಯಾಯ.

ಮುಖ ನೋಡಿ, ದನಿ ಕೇಳಿ ಮನಸ್ಸಲ್ಲಿರೋದನ್ನ ಹೇಳ್ತೀವಿ ಅನ್ನೋದಂತೂ ಇನ್ನೂ ಅಪಾಯ. ಮುಖದಿಂದ ಭಾವನೆ ಊಹಿಸೋ ಸೌಲಭ್ಯನ ಮೈಕ್ರೋಸಾಫ್ಟ್ 2022ರಲ್ಲೇ ಮುಖ ಗುರುತಿಸೋ ತನ್ನ ಫೇಸ್ ಸರ್ವಿಸಿಂದ ತೆಗೆಯೋಕೆ ಶುರು ಮಾಡ್ತು. ಯುರೋಪಿಯನ್ ಯೂನಿಯನ್ ಅಂತೂ ಕೆಲಸದ ಜಾಗದಲ್ಲಿ ಎಐ ಇಟ್ಟು ಮುಖ, ದನಿಯಿಂದ ಉದ್ಯೋಗಿಗಳ ಭಾವನೆ ಅಳೆಯೋದನ್ನ 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ, ವೈದ್ಯಕೀಯ ಮತ್ತು ಸುರಕ್ಷತೆ ಕಾರಣಕ್ಕೆ ಮಾತ್ರ ವಿನಾಯ್ತಿ. ನಮ್ಮ ದೇಶದ 2023ರ ಡೇಟಾ ರಕ್ಷಣೆ ಕಾಯ್ದೇಲಿ ಮಾತ್ರ ಉದ್ಯೋಗಕ್ಕೆ ಸಂಬಂಧಪಟ್ಟ ಕೆಲವು ಉದ್ದೇಶಗಳಿಗೆ ನಮ್ಮ ಒಪ್ಪಿಗೆ ಇಲ್ದೇನೇ ಮಾಹಿತಿ ಬಳಸೋಕೆ ಅವಕಾಶ ಇದೆ.

ಹಾಗಾಗಿ ಆಫೀಸಲ್ಲಿ ನಾವೇ ಬಾಯ್ಬಿಟ್ಟು ಕೇಳ್ಬೇಕು. ಮಾತಿನ ಲೆಕ್ಕ ಮೀಟಿಂಗಲ್ಲಿದ್ದ ಎಲ್ರಿಗೂ ಒಟ್ಟಿಗೇ ಕಾಣ್ಲಿ, ಎಚ್‌ಆರ್ ಫೈಲಿಗೆ ಹೋಗೋದು ಬೇಡ, ಸ್ವಲ್ಪ ದಿನಕ್ಕೆ ಡಿಲೀಟ್ ಆಗ್ಲಿ, ಭಾವನೆಯ ಸ್ಕೋರ್ ಆಫ್ ಆಗ್ಲಿ. ನಿಮ್ಮಲ್ಲಿ ಈ ರಿಪೋರ್ಟ್ ಯಾರ ಮೇಲ್‌ಗೆ ಹೋಗ್ತಿದೆ ಅಂತ ಗೊತ್ತಿದ್ರೆ ಕಾಮೆಂಟಲ್ಲಿ ತಿಳ್ಸಿ, ಗೊತ್ತಿಲ್ದಿದ್ರೆ ನಾಳೆನೇ ನಿಮ್ಮ ಮ್ಯಾನೇಜರ್‌ನ ಕೇಳಿ.